ನಾಟಕ ಕಂಪನಿಗೆ ಮಕ್ಕಳನ್ನು ಕಳಿಸುವ ಮುನ್ನ: ಪೋಷಕರಿಗೆ ಪತ್ರ

ಮುಖ್ಯ ಗುರುಗಳ ಕೊಠಡಿಯಿಂದ
ಬಾದಾಮಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ

ಎಲ್ಲ ಪೋಷಕರಿಗೆ ನಮಸ್ಕಾರ.

ಬನಶಂಕರಿ ಜಾತ್ರೆಯ ನಾಟಕದಲ್ಲಿ ನಮ್ಮ ಆರನೇ ಇಯತ್ತೆಯ ಹುಡುಗಿ ಹಾಡಿದ್ದು ಊರಿಗೆಲ್ಲ ಗೊತ್ತಾಗಿದೆ. ಬನದ ಹುಣ್ಣಿಮೆಯ ತೇರು ಎಳೆದ ಮರುದಿನದಿಂದ ಸಂತೆಯಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಅದೇ ಮಾತು. ಆಕೆಗೂ, ಆಕೆಯ ಅವ್ವ-ಅಪ್ಪನಿಗೂ, ಹಾಡು ತಿದ್ದಿದ ಪೇಟಿ (ಹಾರ್ಮೋನಿಯಂ) ಮಾಸ್ತರಿಗೂ ಶಾಲೆಯ ಪರವಾಗಿ ಅಭಿನಂದನೆ. ಹೆಸರನ್ನು ಇಲ್ಲಿ ಬರೆದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಅದು ಆಗಲೇ ಸಾಕಷ್ಟು ಓಡಾಡಿದೆ.

ಪತ್ರಕ್ಕೆ ಕಾರಣ ಬೇರೆ. ಜಾತ್ರೆ ಮುಗಿಯುವುದರೊಳಗೆ ನಾಲ್ಕು ಮನೆಯವರು ಶಾಲೆಗೆ ಬಂದು, “ನಮ್ಮ ಮಗೂನೂ ಕಂಪನಿ ಜೋಡಿ ಕಳಸ್ತೀವ್ರೀ, ಹಾಜರಿದು ಹೆಂಗ?” ಎಂದು ಕೇಳಿದ್ದಾರೆ. ಹಾಜರಿಯ ಮಾತು ಆಮೇಲೆ. ಮೊದಲು ಕೊರಳಿನ ಮಾತು. ಹಾಡುವ ಮಗುವಿನ ಕೊರಳು ಹೆಚ್ಚಾಗಿ ಕೆಡುವುದು ಚಪ್ಪಾಳೆ ಜೋರಾಗಿ ಬಿದ್ದ ರಾತ್ರಿಯೇ.

ಕಂಪನಿಯ ಹಾಡುಗಳ ಪಟ್ಟಿಯನ್ನು, ಅಂದರೆ ಆಧಾರ ಸ್ವರದ ಎತ್ತರವನ್ನು, ನಾಯಕನಟನ ಕೊರಳು ನೋಡಿ ಕಟ್ಟಿರುತ್ತಾರೆ. ಗಂಡಸರಿಗೆ ಸಾಮಾನ್ಯವಾಗಿ ಕಾಳಿ 1 ಅಥವಾ ಕಾಳಿ 2, ಅಂದರೆ ಪೇಟಿಯ ಒಂದನೇ ಇಲ್ಲವೇ ಎರಡನೇ ಕಪ್ಪು ಕೀ. ಅದೇ ಪಟ್ಟಿಯಲ್ಲಿ ಮಗು ಒಂದು ಸಪ್ತಕ ಮೇಲೆ ಹಾಡಬೇಕಾಗುತ್ತದೆ. ಮುಖಡಾ (ಹಾಡಿನ ಮೊದಲ ಸಾಲು) ಸಲೀಸಾಗಿ ಸಾಗುತ್ತದೆ. ಅಂತರಾದಲ್ಲಿ (ಮುಂದಿನ ಎತ್ತರದ ಭಾಗದಲ್ಲಿ) ತಾರ ಷಡ್ಜ, ಅಂದರೆ ಮೇಲಿನ ಸಾ, ದಾಟಿ ಗಂಧಾರಕ್ಕೆ ಏರಿದಾಗ ಗದ್ದ ಮೇಲೇಳುತ್ತದೆ, ಕುತ್ತಿಗೆಯ ನರ ಉಬ್ಬುತ್ತವೆ, ಹಾಡು ಕಿರುಚಾಗುತ್ತದೆ. ನಮ್ಮ ಹುಡುಗಿಯ ಎರಡು ಹಾಡುಗಳನ್ನಷ್ಟೇ ಪೇಟಿ ಮಾಸ್ತರು ಕಾಳಿ 2ರಿಂದ ಕೆಳಗಿನ ಕಾಳಿ 5ಕ್ಕೆ ತಂದರು. ಐದು ಅರ್ಧಸ್ವರ ಇಳಿದಂತಾಯಿತು. ಜನ ಮೆಚ್ಚಿದ್ದರಲ್ಲಿ ಈ ಇಳಿಕೆಯ ಪಾಲು ದೊಡ್ಡದು ಎಂಬುದು ನಮ್ಮ ಅಂದಾಜು. ತಬಲಾದವರಿಗೆ ಮಾತ್ರ ಕೆಲಸ ಹೆಚ್ಚು: ಆಕೆಯ ಪ್ರವೇಶಕ್ಕೆಂದೇ ಇನ್ನೊಂದು ದಾಯಾ (ಬಲಗೈ ತಬಲಾ) ಶ್ರುತಿ ಮಾಡಿ ಪಕ್ಕಕ್ಕೆ ಇಟ್ಟುಕೊಳ್ಳಬೇಕು. ಇದಕ್ಕೆ ಬೇಸರಪಟ್ಟು “ಏನೂ ಆಗೂದಿಲ್ಲ, ಹಾಡ್ತಾಳ ಬಿಡ್ರಿ” ಎನ್ನುವವರು ಸಿಗುತ್ತಾರೆ. ಒಪ್ಪಬೇಡಿ.

ಪಟ್ಟಿ ಸರಿಯಿದೆಯೇ ಎಂದು ಮನೆಯಲ್ಲೇ ನೋಡಬಹುದು. ಹಾಡಿನ ಅತಿ ಎತ್ತರದ ಸಾಲನ್ನು ಜೋಗುಳದಷ್ಟು ಮೆಲ್ಲಗೆ 5 ಸಲ ಹಾಡಲು ಹೇಳಿ. ಮೆಲ್ಲಗೆ ಹಾಡಿದಾಗ ಹತ್ತದ ಸ್ವರ ಜೋರಾಗಿ ಹಾಡಿದಾಗ ಹತ್ತಿದರೆ ಅದು ಕೊರಳು ಹಿಂಡಿ ತೆಗೆದದ್ದು, ಪಟ್ಟಿ ಇಳಿಸಲೇಬೇಕು. 12-13 ದಾಟಿದ ಗಂಡುಹುಡುಗರಾದರೆ ದನಿ ಒಡೆಯುವ ಕಾಲ. ಹೋದ ತಿಂಗಳು ಸಲೀಸಾಗಿದ್ದ ಪಟ್ಟಿ ಈ ತಿಂಗಳು ಹತ್ತದೆ ಹೋಗಬಹುದು. ಅವರಿಗೆ ಆಗ ಮಾತಿನ ಪಾತ್ರವೇ ಇರಲಿ.

ಇನ್ನು ಮೈಕು. ಕಂಪನಿ ರಂಗದಲ್ಲಿ ಮುಂಭಾಗಕ್ಕೆ ಮೂರ್ನಾಲ್ಕು ಮೈಕು ಮೇಲಿನಿಂದ ತೂಗುಬಿಟ್ಟಿರುತ್ತಾರೆ, ದೊಡ್ಡವರ ತಲೆಯ ಎತ್ತರ ನೋಡಿ. ನಾಲ್ಕು ಅಡಿಯ ಮಗು ಅದರ ಕೆಳಗೆ ನಿಂತರೆ ಏನು ಮಾಡುತ್ತದೆ ನೋಡಿ: ಹಿಮ್ಮಡಿ ಎತ್ತಿ, ಗದ್ದ ಮೇಲೆ ಮಾಡಿ, ಮೈಕಿಗೆ ಕೂಗುತ್ತದೆ. ಗದ್ದ ಎತ್ತಿದಷ್ಟೂ ಗಂಟಲು ಬಿಗಿಯುತ್ತದೆ. ಮಗು ನಿಂತು ಹಾಡುವ ಜಾಗದ ಮೈಕನ್ನು ಒಂದೂವರೆ ಅಡಿ ಇಳಿಸಿ ಕಟ್ಟಲು ಹೇಳಿ. ದೊಡ್ಡವರಿಗೆ ಅಡ್ಡವಾಗುತ್ತದೆ ಎಂದರೆ ಸೀನಿನಲ್ಲಿ ಹೊಂದುವಂಥ ಗಟ್ಟಿ ಮಣೆಯೋ ಪೆಟ್ಟಿಗೆಯೋ ಇಡಿಸಿ, ಮಗು ಅದರ ಮೇಲೆ ನಿಂತು ಹಾಡಲಿ. ಪೆಟ್ಟಿಗೆ ಅಲುಗಾಡಬಾರದು, ಅಷ್ಟೇ.

ಈಗ ಒನ್ಸ್ ಮೋರ್. ನಮ್ಮ ಭಾಗದ ಪ್ರೇಕ್ಷಕರು ಮೆಚ್ಚಿದರೆ ಬಿಡುವವರಲ್ಲ. ಒಂದು ಹಾಡು ಸುಮಾರು 4 ನಿಮಿಷ ಎಂದಿಟ್ಟುಕೊಳ್ಳಿ. ಎರಡು ಒನ್ಸ್ ಮೋರ್ ಬಂದರೆ ಮಗು 12 ನಿಮಿಷ ಎಡೆಬಿಡದೆ ಹಾಡಿದಂತಾಯಿತು. ಜಾತ್ರೆಯ ರಾತ್ರಿಗಳಲ್ಲಿ ಎರಡು ಮೂರು ಪ್ರಯೋಗ. ಗುಣಿಸಿ ನೋಡಿ. ಮೂರನೇ ಸುತ್ತಿನಲ್ಲಿ ಮೊದಲು ಕೈಕೊಡುವುದು ಉಸಿರು. ಸಾಲಿನ ಕೊನೆಯ ಅಕ್ಷರ ನುಂಗಿಹೋಗುತ್ತದೆ. ಆಮೇಲೆ ಮೇಲಿನ ಸ್ವರ ಒಂದು ಕೂದಲೆಳೆ ಇಳಿಯುತ್ತದೆ. ಅದನ್ನು ಸರಿದೂಗಿಸಲು ಮಗು ಕೂಗುತ್ತದೆ, ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟುತ್ತಾರೆ. ಆದ್ದರಿಂದ ಮ್ಯಾನೇಜರರ ಹತ್ತಿರ ಮೊದಲೇ ಮಾತಾಗಿರಲಿ: ಪ್ರಯೋಗಕ್ಕೆ ಒಂದೇ ಒನ್ಸ್ ಮೋರ್, ಅದೂ ಅಂತರಾ ಬಿಟ್ಟು ಮುಖಡಾ ಮಾತ್ರ. ಒಳಗಿನಿಂದ ಮುಂದಿನ ಪಾತ್ರಧಾರಿ ಮಾತು ಎತ್ತಿಕೊಂಡು ಪ್ರವೇಶಿಸಿದರೆ ಪ್ರೇಕ್ಷಕರು ತಾವಾಗಿಯೇ ಸುಮ್ಮನಾಗುತ್ತಾರೆ.

ಆಹೇರಿಯದೂ (ಮೆಚ್ಚಿದವರು ಕೊಡುವ ಕಾಣಿಕೆ) ಇದೇ ಕಥೆ. ಹಾಡಿನ ನಡುವೆ ಯಾರೋ ರಂಗ ಹತ್ತಿ ಫ್ರಾಕಿಗೆ ನೋಟು ಪಿನ್ನು ಮಾಡುತ್ತಾರೆ, ಮೈಕಿನಲ್ಲಿ ಅವರ ಹೆಸರು ಕೂಗುತ್ತಾರೆ. ಮಗು ಸಾಲು ಮರೆಯುವುದು ಆಗಲೇ. ಪಿನ್ನು ಚುಚ್ಚಿದರೂ ಅಳುವಂತಿಲ್ಲ. ಆಹೇರಿ ಏನಿದ್ದರೂ ಅಂಕ ಮುಗಿದು ಪರದೆ ಬಿದ್ದ ಮೇಲೆ, ಅವ್ವ ಅಥವಾ ಅಪ್ಪನ ಕೈಗೆ, ಲೆಕ್ಕ ಬರೆದು.

ಧೂಳು, ಜನರೇಟರ್ ಹೊಗೆ, ಮಿರ್ಚಿ ಭಜಿ, ಐಸ್ ಹಾಕಿದ ಸೋಡಾ, ಜಾತ್ರೆ ಎಂದರೆ ಇವೆಲ್ಲ ಇರುವುದೇ. ಪ್ರಯೋಗಕ್ಕೆ ಎರಡು ತಾಸು ಮೊದಲು ಹಗುರ ಊಟ, ಆಮೇಲೆ ಬಣ್ಣ ಹಚ್ಚುವವರೆಗೂ ಗುಟುಕು ಗುಟುಕು ನೀರು. ಖಡಕ್ ರೊಟ್ಟಿ ಆ ಹೊತ್ತಿಗೆ ಬೇಡ, ಅದರ ಪುಡಿ ಗಂಟಲಲ್ಲಿ ಕೂತು ಕೆಮ್ಮು ತರಿಸುತ್ತದೆ. ದನಿ ಕೂತರೆ ಪಿಸುಗುಟ್ಟಿಸಬೇಡಿ. ಪಿಸುಮಾತೂ ಕೊರಳಿಗೆ ಶ್ರಮವೇ. ಪೂರ್ತಿ ಮೌನ ಕೊಡಿ. ಕಲ್ಲುಸಕ್ಕರೆ, ಜೇಷ್ಠಮಧು ಕೊಟ್ಟರೆ ಗಂಟಲು ಹಿತವಾಗುತ್ತದೆ, ಅದನ್ನೇ ವಾಸಿಯಾಯಿತೆಂದು ತಿಳಿದು ಮತ್ತೆ ರಂಗಕ್ಕೆ ಹತ್ತಿಸುವುದು ತಪ್ಪು. ಎರಡು ವಾರ ದಾಟಿಯೂ ದನಿ ಒಡಕಾಗಿಯೇ ಇದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. 6ರಿಂದ 12 ವಯಸ್ಸಿನವರಿಗೆ ದಿನಕ್ಕೆ 9ರಿಂದ 12 ತಾಸು ನಿದ್ದೆ ಬೇಕು. ರಾತ್ರಿ 1ಕ್ಕೆ ಬಣ್ಣ ತೊಳೆದು ಬೆಳಿಗ್ಗೆ 9ಕ್ಕೆ ಪ್ರಾರ್ಥನೆಗೆ ನಿಲ್ಲುವುದು ಲೆಕ್ಕಕ್ಕೆ ಬರುವುದಿಲ್ಲ.

ಬಣ್ಣದ ಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡಿ. ಹಳೆಯ ಪೆಟ್ಟಿಗೆಗಳಲ್ಲಿ ಅರದಾಳ, ಇಂಗಳೀಕ ಇರುವುದುಂಟು. ಅರದಾಳ ಆರ್ಸೆನಿಕ್ ಇರುವ ಖನಿಜ, ಇಂಗಳೀಕದಲ್ಲಿ ಪಾದರಸವಿದೆ. ಎರಡನ್ನೂ ಮಗುವಿನ ಮುಖಕ್ಕೆ ಮುಟ್ಟಿಸಬಾರದು. ಹೊಸ ಬಣ್ಣವಾದರೂ ಹಿಂದಿನ ದಿನ ಮೊಳಕೈ ಒಳಮಗ್ಗುಲಿಗೆ ಚೂರು ಹಚ್ಚಿ ತುರಿಕೆ ಬರುತ್ತದೆಯೇ ನೋಡಿ. ತೆಗೆಯುವಾಗ ಮೊದಲು ಕೊಬ್ಬರಿ ಎಣ್ಣೆ ಸವರಿ ಮೆತ್ತನೆ ಬಟ್ಟೆಯಿಂದ ಒರೆಸಿ, ಸಾಬೂನು ಆಮೇಲೆ.

ಕಾನೂನಿನ ಮಾತು ಚಿಕ್ಕದಾಗಿ. 14 ವಯಸ್ಸಿನೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು 1986ರ ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ನಿಷೇಧಿಸಿದೆ. ಕಲಾವಿದ ಮಕ್ಕಳಿಗೆ ವಿನಾಯಿತಿ ಇದೆ, ಸರ್ಕಸ್ಸಿಗೆ ಇಲ್ಲ. ವಿನಾಯಿತಿಯ ಷರತ್ತುಗಳು 2017ರ ನಿಯಮಗಳಲ್ಲಿವೆ. ದಿನಕ್ಕೆ 5 ತಾಸಿಗಿಂತ ಹೆಚ್ಚು ಇಲ್ಲ, ವಿಶ್ರಾಂತಿ ಇಲ್ಲದೆ ಸತತ 3 ತಾಸಿಗಿಂತ ಹೆಚ್ಚು ಇಲ್ಲ, ಒಂದೇ ಸಮನೆ 27 ದಿನಕ್ಕಿಂತ ಹೆಚ್ಚು ಇಲ್ಲ. ಟಿಕೆಟ್ ಇಟ್ಟು ನಡೆಸುವ ಪ್ರದರ್ಶನಕ್ಕೆ ಆ ಜಿಲ್ಲೆಯ ಜಿಲ್ಲಾಧಿಕಾರಿಯ ಅನುಮತಿಯನ್ನು ಕಂಪನಿಯವರೇ ತರಬೇಕು, ನಿಮ್ಮ ಒಪ್ಪಿಗೆ ಪತ್ರವನ್ನೂ ಸೇರಿಸಿ. ಕಂಪನಿಯ ಕ್ಯಾಂಪು ಬಾಗಲಕೋಟೆಯಿಂದ ವಿಜಯಪುರಕ್ಕೋ ಬೆಳಗಾವಿಗೋ ದಾಟಿದರೆ ಅಲ್ಲಿಯ ಅನುಮತಿ ಬೇರೆ. ಐದು ಮಕ್ಕಳಿಗೆ ಒಬ್ಬರಂತೆ ಜವಾಬ್ದಾರಿ ಹೊತ್ತವರು ಇರಬೇಕು. ಗಳಿಕೆಯ ಕನಿಷ್ಠ ಶೇ. 20 ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನ ಠೇವಣಿಗೆ ನೇರವಾಗಿ ಹೋಗಬೇಕು: ಪ್ರಯೋಗಕ್ಕೆ 1000 ರೂಪಾಯಿ ಎಂದರೆ 200. ಆಹೇರಿಯೂ ಈ ಲೆಕ್ಕಕ್ಕೆ ಸೇರಲಿ ಎಂಬುದು ನಮ್ಮ ಅಭಿಪ್ರಾಯ. ಮಗುವಿಗೆ ಇಷ್ಟವಿಲ್ಲದಿದ್ದರೆ ಒತ್ತಾಯಿಸುವಂತಿಲ್ಲ ಎಂದೂ ನಿಯಮದಲ್ಲಿದೆ. “ನೀ ಹೋಗ್ತೀಯೇನವಾ?” ಎಂದು ಮ್ಯಾನೇಜರರ ಎದುರಿಗೆ ಕೇಳಬೇಡಿ. ಮನೆಯಲ್ಲಿ ಕೇಳಿ.

ರಂಗನಟ ಏಣಗಿ ಬಾಳಪ್ಪನವರೂ ಹುಡುಗನಾಗಿದ್ದಾಗಲೇ ರಂಗ ಹತ್ತಿದವರಲ್ಲವೇ ಎಂದು ಒಬ್ಬರು ಕೇಳಿದರು. ನಿಜ, 1914ರಲ್ಲಿ ಹುಟ್ಟಿ 103 ವರ್ಷ ಬಾಳಿದ ದೊಡ್ಡ ಕಲಾವಿದರು. ಆದರೆ ಅವರ ಜೊತೆ ಬಣ್ಣ ಹಚ್ಚಿದ ಉಳಿದ ಹುಡುಗರ ಹೆಸರು ನಮಗೆ ನಿಮಗೆ ಗೊತ್ತಿಲ್ಲ.

ಈಗ ಹಾಜರಿ. ಬಾರದ ದಿನ ಹಾಜರಿ ಹಾಕಲು ಬರುವುದಿಲ್ಲ. ದಿನದ ಹಾಜರಿ ಆನ್‌ಲೈನಿಗೆ ಏರುತ್ತದೆ, ತಿದ್ದಲೂ ಬಾರದು. ನಾವು ಮಾಡಬಹುದಾದದ್ದು ಇಷ್ಟು: ಮೊದಲೇ ರಜೆ ಚೀಟಿ ಕೊಟ್ಟವರಿಗೆ ವಾರದ ಪಾಠದ ಪಟ್ಟಿ ಬರೆದುಕೊಡುತ್ತೇವೆ, ರೂಪಣಾತ್ಮಕ ಮೌಲ್ಯಮಾಪನ ತಪ್ಪಿದರೆ ಬೇರೆ ದಿನ ಮಾಡುತ್ತೇವೆ. ನಾಟಕದ ಮಕ್ಕಳು ಕನ್ನಡದಲ್ಲಿ ಹಿಂದೆ ಬೀಳುವುದು ಅಪರೂಪ. ಪುಟಗಟ್ಟಲೆ ಮಾತು ಬಾಯಿಪಾಠ ಮಾಡಿದವರು ಅವರು. ಗಣಿತದಲ್ಲಿ ಬೀಳುತ್ತಾರೆ. ಭಿನ್ನರಾಶಿ ತಪ್ಪಿಸಿಕೊಂಡ ಮಗುವಿಗೆ ದಶಮಾಂಶ ಹತ್ತುವುದಿಲ್ಲ. ಹಾಗಾಗಿ ಕ್ಯಾಂಪಿನಲ್ಲಿ ಮಧ್ಯಾಹ್ನ ಒಂದು ತಾಸು ಗಣಿತಕ್ಕೇ ಮೀಸಲಿಡಿ. ಪುಸ್ತಕ ಟ್ರಂಕಿನ ಮೇಲೆ ಇರಲಿ, ತಳಕ್ಕೆ ಹೋದರೆ ಹೊರಗೆ ಬರುವುದಿಲ್ಲ.

ಉಳಿದ ಪೋಷಕರಲ್ಲಿ ಒಂದು ಕೋರಿಕೆ. ಆ ಹುಡುಗಿ ಎದುರಾದಾಗಲೆಲ್ಲ “ಒಂದ್ ಹಾಡ್ ಹೇಳವಾ” ಎನ್ನಬೇಡಿ. ಕಾರ್ಯಕ್ರಮಗಳಲ್ಲಿ ಫೆಬ್ರುವರಿ ಮುಗಿಯುವವರೆಗೆ ಶಾಲೆಯೂ ಆಕೆಯಿಂದ ಹಾಡಿಸುವುದಿಲ್ಲ. ಪ್ರಾರ್ಥನೆಯಲ್ಲಿ ಎಲ್ಲರ ಜೊತೆ ಹಾಡುತ್ತಾಳೆ, ಅಷ್ಟು ಸಾಕು.

ಮಕ್ಕಳನ್ನು ಕಳಿಸುವ ವಿಚಾರವಿರುವವರು ಬರುವ ಶನಿವಾರ ಶಾಲೆ ಬಿಟ್ಟ ಮೇಲೆ ಬನ್ನಿ. ಕಂಪನಿಯವರು ಕೊಟ್ಟ ಕಾಗದ, ಮಗುವಿನ ಬ್ಯಾಂಕ್ ಪಾಸ್‌ಬುಕ್, ಮಗು ಹಾಡಬೇಕಾದ ಹಾಡು, ಈ ಮೂರೂ ಜೊತೆಗಿರಲಿ. ಶಾಲೆಯ ಪೇಟಿಯ ಎರಡು ಸ್ವರ ಕೂತಿವೆ, ನುಡಿಯುವುದಿಲ್ಲ, ಆದರೂ ಪಟ್ಟಿ ನೋಡಲು ಅಡ್ಡಿಯಿಲ್ಲ.

ಇತಿ,
ಮುಖ್ಯ ಗುರುಗಳು