ಆ ದುಬೈ ಕಥೆ ಸಾಕು ಮಾರಾಯ

ಮಾರಾಯ,

ಫೋನಿನಲ್ಲಿ ನೀನು ಬರೀ ಹ್ಞೂ ಹ್ಞೂ ಅನ್ನುತ್ತಿದ್ದೆ, ಮಕ್ಕಳು ಅಲ್ಲೇ ಇದ್ದರು ಅಂತ ಕಾಣುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನೀನು ಹೂಂ ಅಂದಿದ್ದಕ್ಕೆ ಹೆಸರು ಬಿಟ್ಟು ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ, ಇಂಥ ಮನೆ ನಿಮ್ಮದೊಂದೇ ಅಲ್ವಲ್ಲ.

ನಿನ್ನ ತಂಗಿಯ ಗಂಡ ಜೈಲಿಗೆ ಹೋದ ಮೇಲೆ, ಅಪ್ಪ ದುಬೈಗೆ ಹೋಗಿದ್ದಾರೆ ಅಂತ ಮಕ್ಕಳಿಗೆ ಹೇಳುತ್ತಿದ್ದೀರಲ್ಲ, ಮೊದಲು ಆ ಕಥೆ ನಿಲ್ಲಿಸಿ. ದೊಡ್ಡವಳಿಗೆ ಹತ್ತು ವರ್ಷ. ದುಬೈಗೆ ಹೋದ ಅಪ್ಪ ಒಂದು ವಿಡಿಯೋ ಕಾಲ್ ಯಾಕೆ ಮಾಡುವುದಿಲ್ಲ ಅಂತ ಅವಳು ಯೋಚಿಸದೇ ಇರುತ್ತಾಳಾ? ಶಾಲೆಯಲ್ಲಿ ಯಾರೋ ಹೇಳಿ ಗೊತ್ತಾದರೆ ಆಮೇಲೆ ನಿಮ್ಮ ಯಾವ ಮಾತನ್ನೂ ನಂಬುವುದಿಲ್ಲ. ನಿನ್ನ ತಂಗಿಯೇ ಹೇಳಲಿ, ನೀನು ಪಕ್ಕದಲ್ಲಿ ಕೂತಿರು. ಅಪ್ಪನ ಮೇಲೆ ಕೇಸಿದೆ, ತಪ್ಪು ಮಾಡಿದ್ದಾರಾ ಇಲ್ವಾ ಅಂತ ಕೋರ್ಟು ಇನ್ನೂ ಹೇಳಿಲ್ಲ, ಸದ್ಯಕ್ಕೆ ಶಿವಮೊಗ್ಗ ಜೈಲಿನಲ್ಲಿದ್ದಾರೆ, ಇದಕ್ಕೆ ನೀನು ಕಾರಣ ಅಲ್ಲ. ಇಷ್ಟು ಸಾಕು. ಕೊನೆಯದನ್ನು ಮಾತ್ರ ಬಿಡಬೇಡಿ, ತಾನು ಹಟ ಮಾಡಿದ್ದಕ್ಕೇ ಹೀಗಾಯಿತು ಅಂತ ಮಕ್ಕಳು ಒಳಗೊಳಗೇ ಅಂದುಕೊಂಡಿರುತ್ತಾರೆ. ದೀಪಾವಳಿಗೆ ಬರ್ತಾರೆ ಅಂತ ಸುಮ್ನೆ ಆಸೆ ಹುಟ್ಟಿಸಬೇಡಿ, ಜಾಮೀನು ಯಾವಾಗ ಅಂತ ವಕೀಲರಿಗೇ ಗೊತ್ತಿಲ್ಲ. ಕೋರ್ಟು ಹೇಳಿಲ್ಲ ಅನ್ನುವುದು ಮಗುವನ್ನು ಸಮಾಧಾನ ಮಾಡುವ ಸುಳ್ಳೂ ಅಲ್ಲ. 2022ರ ಸರ್ಕಾರಿ ಲೆಕ್ಕದಲ್ಲಿ ದೇಶದ ಜೈಲುಗಳಲ್ಲಿದ್ದ ನೂರರಲ್ಲಿ 75ಕ್ಕೂ ಜಾಸ್ತಿ ಜನ ವಿಚಾರಣಾಧೀನರೇ, ಅಂದರೆ ಕೇಸು ಇನ್ನೂ ತೀರ್ಮಾನವಾಗದವರು. ತಾಯಿಯ ಜೊತೆ ಜೈಲಿನೊಳಗಿರುವ ಮಕ್ಕಳನ್ನೂ ಆ ಸರ್ಕಾರಿ ವರದಿಯಲ್ಲಿ ಎಣಿಸುತ್ತಾರೆ, ಹೊರಗೆ ಕಾಯುವ ಇಂಥ ಮಕ್ಕಳದ್ದು ಮಾತ್ರ ಲೆಕ್ಕವೇ ಇಲ್ಲ.

ಆಮೇಲೆ ಅವಳನ್ನು ಭೇಟಿಗೆ ಕರೆದುಕೊಂಡು ಹೋಗಿ. ಬರಲ್ಲ ಅಂದರೆ ಬಲವಂತ ಬೇಡ, ಒಂದು ಚಿತ್ರವೋ ಕಾಗದವೋ ಕಳಿಸಲಿ, ಜೈಲಿನವರು ಓದಿಯೇ ಕೊಡುತ್ತಾರೆ ಅಂತ ಮೊದಲೇ ಹೇಳಿರಿ. ಬರುವುದಾದರೆ ಜೈಲು ಭೇಟಿಗೆ ಅಂತಲೇ ಇರುವ ಸರ್ಕಾರಿ ವೆಬ್‌ಸೈಟ್ ಇ-ಮುಲಾಖಾತ್‌ನಲ್ಲಿ ಬುಕ್ ಮಾಡಿ, ಆಧಾರ್ ಕಾರ್ಡ್ ಮರೆಯಬೇಡಿ. ಗೇಟಿನಲ್ಲಿ ತಪಾಸಣೆ ಮಾಡುತ್ತಾರೆ, ತುಂಬಾ ಹೊತ್ತು ಕಾಯಬೇಕು, ಸ್ವಲ್ಪವೇ ಹೊತ್ತು ಮಾತು, ಅಪ್ಪನನ್ನು ಮುಟ್ಟಲು ಆಗದೇ ಇರಬಹುದು, ಇದೆಲ್ಲ ಹಿಂದಿನ ದಿನವೇ ಹೇಳಿಬಿಡಿ. ಸಿನಿಮಾ ನೋಡಿ ಬಿಳಿ ಬಟ್ಟೆ, ನಂಬರು ಅಂತ ಹೆದರಿರುತ್ತಾಳೆ, ಆ ಬಟ್ಟೆ ಶಿಕ್ಷೆಯಾದವರಿಗೆ, ಅಪ್ಪ ತನ್ನ ಶರ್ಟಿನಲ್ಲೇ ಇರುತ್ತಾರೆ ಅನ್ನಿ. ಬಂದ ಮೇಲೆ ನಾಲ್ಕು ದಿನ ಅಳಬಹುದು, ಚಿಕ್ಕವನು ಹಾಸಿಗೆ ಒದ್ದೆ ಮಾಡಬಹುದು. ಅದಕ್ಕೆ ಹೆದರಿ ಭೇಟಿ ನಿಲ್ಲಿಸಬೇಡಿ.

ದುಡ್ಡಿನ ವಿಷಯಕ್ಕೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಅರ್ಜಿ ಕೊಡು. ಮಿಷನ್ ವಾತ್ಸಲ್ಯ ಅಂತ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆ ಇದೆ, ಅದರ ಪ್ರಾಯೋಜಕತ್ವದ ನೆರವಿನಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ಇದೆ. ಹಳ್ಳಿಯವರಾದರೆ ವರ್ಷದ ಆದಾಯ 72,000 ದಾಟಿರಬಾರದು. ಸಿಕ್ಕೇ ಸಿಗುತ್ತದೆ ಅಂತಲ್ಲ, ಸಮಿತಿ ಒಪ್ಪಬೇಕು. ಕ್ಲಾಸ್ ಟೀಚರ್ ಒಬ್ಬರಿಗೆ ವಿಷಯ ತಿಳಿಸಿದರೆ ಸಾಕು, ಇಡೀ ಸ್ಟಾಫ್ ರೂಮಿಗೆ ಬೇಡ.

ಇನ್ನು ನಿನ್ನ ಚಿಕ್ಕಪ್ಪ. ಹುಡುಗ ಯಾರಿಗಾದರೂ ಹೊಡೆದಾಗ "ಅಪ್ಪನ ಹಾಗೇ ಆಗ್ತಾನೆ" ಅನ್ನುತ್ತಾರಲ್ಲ, ಅದನ್ನು ನೀನೇ ನಿಲ್ಲಿಸಬೇಕು, ಹಿರಿಯರು ಅಂತ ಸುಮ್ಮನಿರಬೇಡ. ಹೊಡೆದಿದ್ದಕ್ಕೆ ಬೈಯಿ, ಅಪ್ಪನ ಹೆಸರು ಎಳೆಯಬೇಡಿ.

ಭೇಟಿ ದಿನ ಗೊತ್ತಾದ ಕೂಡಲೇ ಹೇಳು, ರಜೆ ಹಾಕಿ ಕಾರು ತರುತ್ತೇನೆ. ಚಿಕ್ಕವನಿಗೆ ಬಸ್ಸಿನಲ್ಲಿ ವಾಂತಿ ಅಲ್ವಾ.