ಕಡಿತ ನಿಲ್ಲಿಸುವ ಟ್ಯೂಬು, ಹುಳುಕಡ್ಡಿ ಬೆಳೆಸುವ ಟ್ಯೂಬು

ಮಾನ್ಯ ಸಂಪಾದಕರೇ,

ಮಳೆಗಾಲ ಶುರುವಾದರೆ ಸಾಕು, ನಮ್ಮ ಶಿಡ್ಲಘಟ್ಟದ ಕಡೆ ಹುಳುಕಡ್ಡಿ ಹತ್ತಿ ತೊಡೆಸಂದಿ, ಸೊಂಟ, ಕಂಕುಳು ಕೆರೆದುಕೊಳ್ಳುವವರಿಲ್ಲದ ಮನೆ ಸಿಗುವುದೇ ಕಷ್ಟ. ಹೇಳಿಕೊಳ್ಳೋಕೆ ನಾಚಿಕೆ. ಡಾಕ್ಟರ ಮುಂದೆ ಪಂಚೆ ಸರಿಸಿ ತೋರಿಸೋಕೆ ಇನ್ನೂ ನಾಚಿಕೆ. ಅದಕ್ಕೇ ಪೇಟೆಗೆ ಹೋದಾಗ ಯಾವುದಾದರೂ ಮೆಡಿಕಲ್ ಶಾಪಿನ ಮುಂದೆ, ಬೇರೆ ಗಿರಾಕಿಗಳಿಲ್ಲದ ಹೊತ್ತು ನೋಡಿಕೊಂಡು, ದನಿ ತಗ್ಗಿಸಿ ‘ಕಡಿತಕ್ಕೆ ಒಂದು ಟ್ಯೂಬ್ ಕೊಡಿ’ ಅನ್ನುತ್ತಾರೆ. ಅಂಗಡಿಯವರೂ ಎಲ್ಲಿ, ಏನು, ಎಷ್ಟು ದಿನದಿಂದ ಅಂತ ಒಂದು ಮಾತು ಕೇಳದೆ ಕೊಟ್ಟು ಕಳಿಸುತ್ತಾರೆ. ಆ ಟ್ಯೂಬಿನ ಬಗ್ಗೆಯೇ ಈ ಪತ್ರ.

ಒಮ್ಮೆ ಕನ್ನಡಕ ಹಾಕಿಕೊಂಡು ಅದರ ಮೇಲಿನ ಸಣ್ಣಕ್ಷರ ಓದಿ. ಕ್ಲೋಬೆಟಾಸಾಲ್, ಆಫ್ಲಾಕ್ಸಾಸಿನ್, ಆರ್ನಿಡಜೋಲ್, ಟೆರ್ಬಿನಾಫಿನ್ ಅಂತ ಒಂದೇ ಟ್ಯೂಬಿನಲ್ಲಿ ನಾಲ್ಕು ಔಷಧ ಇರುತ್ತವೆ. ಕೊನೆಯದು ಮಾತ್ರ ಹುಳುಕಡ್ಡಿಯ ಫಂಗಸ್‌ಗೆ. ನಡುವಿನ ಎರಡಕ್ಕೂ ಫಂಗಸ್‌ಗೂ ಸಂಬಂಧವೇ ಇಲ್ಲ. ಮೊದಲನೆಯದು ಸ್ಟೆರಾಯ್ಡ್, ಅದೂ ಚರ್ಮಕ್ಕೆ ಹಚ್ಚುವವುಗಳಲ್ಲೇ ತುಂಬಾ ಜೋರಿನದು. ಹಚ್ಚಿದ ಒಂದೆರಡು ದಿನಕ್ಕೆ ಕಡಿತ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ, ‘ಎಂಥಾ ಔಷಧ ಮಾರಾಯ’ ಅಂತ ಪಕ್ಕದ ಮನೆಯವರಿಗೂ ಅದನ್ನೇ ಹೇಳುತ್ತಾರೆ. ಆದರೆ ಕಡಿತ, ಕೆಂಪು ಅನ್ನೋದು ನಮ್ಮ ಮೈ ಫಂಗಸ್ ಜೊತೆ ಜಗಳಕ್ಕೆ ನಿಂತಿದೆ ಅನ್ನುವುದರ ಗುರುತು. ಸ್ಟೆರಾಯ್ಡ್ ಆ ಜಗಳವನ್ನೇ ನಿಲ್ಲಿಸಿಬಿಡುತ್ತದೆ, ಫಂಗಸ್ ಆರಾಮಾಗಿ ಹರಡಿಕೊಳ್ಳುತ್ತದೆ. ಟ್ಯೂಬ್ ಬಿಟ್ಟ ವಾರಕ್ಕೆ ಮೊದಲಿಗಿಂತ ಜಾಸ್ತಿ ಜಾಗದಲ್ಲಿ ಕಡಿತ. ಆಗ ಇನ್ನೊಂದು ಟ್ಯೂಬ್!

ಇದರಲ್ಲಿ ಇನ್ನೊಂದು ತೊಂದರೆ ಇದೆ. ಹುಳುಕಡ್ಡಿ ಅಂದರೆ ಗುಂಡಗೆ, ಅಂಚು ಕೆಂಪಗೆ ಉಬ್ಬಿ, ನಡುವೆ ತಿಳಿಯಾಗಿರುವ ಕಲೆ, ನೋಡಿದ ಕೂಡಲೇ ಗೊತ್ತಾಗುತ್ತದೆ. ಸ್ಟೆರಾಯ್ಡ್ ಹಚ್ಚಿದ ಮೇಲೆ ಆ ಆಕಾರವೇ ಕೆಟ್ಟುಹೋಗಿ, ಕೊನೆಗೆ ಡಾಕ್ಟರ ಹತ್ತಿರ ಹೋದರೂ ಅವರಿಗೆ ಇದು ಏನು ಅಂತ ಹೇಳೋದು ಕಷ್ಟವಾಗುತ್ತದೆ. ನಮ್ಮ ಸಂಬಂಧಿಕರ ಹುಡುಗನೊಬ್ಬ, ಕಾಲೇಜಿಗೆ ಹೋಗುವವನು, ಇದನ್ನೇ ತಿಂಗಳುಗಟ್ಟಲೆ ಹಚ್ಚಿಕೊಂಡಿದ್ದಾನೆ. ಅವನ ತೊಡೆಯ ಒಳಭಾಗದಲ್ಲಿ ಈಗ ಹೆರಿಗೆಯಾದ ಹೆಂಗಸರ ಹೊಟ್ಟೆಯ ಮೇಲೆ ಇರುವಂಥ ಗೆರೆಗಳು, ಬೆರಳಗಲ, ನೇರಳೆ ಬಣ್ಣ. ಚರ್ಮ ತೆಳ್ಳಗಾಗಿ ಒಳಗೇ ಹರಿದಿರುವುದು ಅದು. ಹುಳುಕಡ್ಡಿ ವಾಸಿಯಾಗಬಹುದು, ಆ ಗೆರೆ ಪೂರ್ತಿ ಹೋಗುವುದಿಲ್ಲ.

ಮೊದಲೆಲ್ಲ ಎರಡು ಮೂರು ವಾರ ಬರೀ ಫಂಗಸ್ ಔಷಧ ಹಚ್ಚಿದರೆ ಹೋಗುತ್ತಿದ್ದ ಕಾಯಿಲೆ ಈಗ ಯಾಕೆ ಹೋಗುತ್ತಿಲ್ಲ? 2020ರಲ್ಲಿ ಜಪಾನಿನ ಸಂಶೋಧಕರು ಟೆರ್ಬಿನಾಫಿನ್‌ಗೆ ಜಗ್ಗದ ಒಂದು ಹೊಸ ಜಾತಿಯ ಫಂಗಸ್ ಗುರುತಿಸಿ ಅದಕ್ಕೆ ಟ್ರೈಕೋಫೈಟಾನ್ ಇಂಡೊಟಿನಿಯೆ ಅಂತ ಹೆಸರಿಟ್ಟರು. ಹೆಸರಿನಲ್ಲೇ ನಮ್ಮ ದೇಶ ಸೇರಿಕೊಂಡಿದೆ ನೋಡಿ, ಎಂಥಾ ಕೀರ್ತಿ! 2023ರಲ್ಲಿ ಅದು ನ್ಯೂಯಾರ್ಕಿನ ರೋಗಿಗಳಲ್ಲೂ ಸಿಕ್ಕಿದೆ ಅಂತ ಅಮೆರಿಕದ ಆರೋಗ್ಯ ಇಲಾಖೆಯವರೇ ವರದಿ ಮಾಡಿದರು. ಡಾಕ್ಟರ ಚೀಟಿ ಇಲ್ಲದೆ ಮಾರುವ, ನಾಲ್ಕು ಔಷಧ ಬೆರೆಸಿದ ಈ ಟ್ಯೂಬುಗಳಿಗೂ ಇದರಲ್ಲಿ ಪಾಲಿದೆ ಅಂತ ಚರ್ಮದ ಡಾಕ್ಟರುಗಳು ವರ್ಷಗಳಿಂದ ಹೇಳುತ್ತಲೇ ಇದ್ದಾರೆ.

ರೇಷ್ಮೆ ಹುಳು ಸಾಕುವವರಿಗೆ ಫಂಗಸ್ ಅಂದರೆ ಏನು ಅಂತ ಪಾಠ ಮಾಡಬೇಕಾಗಿಲ್ಲ. ಹುಳುವಿಗೆ ಬರುವ ಸುಣ್ಣಕಟ್ಟು ರೋಗವೂ ಫಂಗಸ್‌ನಿಂದಲೇ ಬರೋದು. ತಂಪು, ತೇವ ಜಾಸ್ತಿಯಾದರೆ ಬರುತ್ತದೆ, ಸತ್ತ ಹುಳು ಬೆಳ್ಳಗೆ ಗಟ್ಟಿಯಾದ ಮೇಲೆ ಅದರಿಂದ ಪುಡಿ ಹಾರಿ ಇಡೀ ಹುಳುವಿನ ಮನೆಗೆ ಹಬ್ಬುತ್ತದೆ. ಅದಕ್ಕೇ ಬೆಳ್ಳಗಾಗುವ ಮೊದಲೇ ಹೆಕ್ಕಿ ಸುಡುತ್ತೇವೆ, ಬೆಳೆ ಮುಗಿದ ಕೂಡಲೇ ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆ, ಗೋಡೆ, ನೆಲ ಎಲ್ಲಕ್ಕೂ ಬ್ಲೀಚಿಂಗ್ ಪೌಡರ್ ಹೊಡೆಯುತ್ತೇವೆ. ಹುಳುವಿನ ಮನೆಗೆ ಇಷ್ಟು ಮಾಡುವ ನಾವೇ ಒಂದೇ ಟವೆಲಿನಲ್ಲಿ ಮನೆ ಮಂದಿಯೆಲ್ಲ ಮೈ ಒರೆಸಿಕೊಳ್ಳುತ್ತೇವೆ, ಒಬ್ಬರಿಗೆ ಔಷಧ ಹಚ್ಚಿ ಪಕ್ಕದಲ್ಲಿ ಮಲಗುವವರನ್ನು ಕೇಳುವುದೂ ಇಲ್ಲ. ಬಟ್ಟೆ ಬಿಸಿನೀರಿನಲ್ಲಿ ಒಗೆದು, ಒಳಬಟ್ಟೆಯನ್ನು ನಾಚಿಕೆ ಬಿಟ್ಟು ಬಿಸಿಲಿನಲ್ಲೇ ಒಣಗಿಸಬೇಕು. ಕಡಿತ ಇರುವವರೆಲ್ಲ ಒಟ್ಟಿಗೇ ಔಷಧ ಮಾಡಿಸಿಕೊಳ್ಳಬೇಕು, ಕಲೆ ಮಾಯವಾದ ಮೇಲೂ ಡಾಕ್ಟರು ಹೇಳಿದಷ್ಟು ದಿನ ಬಿಡದೆ ಹಚ್ಚಬೇಕು.

ನೂಲು ಬಿಚ್ಚುವವರ ಕೈ ನೋಡಿದ್ದೀರಾ? ದಿನವಿಡೀ ಬಿಸಿನೀರಿನ ಬೋಗುಣಿಯಲ್ಲಿ ಗೂಡಿನ ಎಳೆ ಹುಡುಕುವ ಬೆರಳುಗಳು. ಬೆರಳ ಸಂದಿ ಬಿಳುಚಿಕೊಂಡು ಸಿಪ್ಪೆ ಏಳುತ್ತಿರುತ್ತದೆ, ಉಗುರಿನ ಬುಡ ಊದಿ, ಉಗುರು ಏರುತಗ್ಗಾಗಿರುತ್ತದೆ. ಗ್ಲೌಸ್ ಹಾಕಿಕೊಳ್ಳಿ ಅನ್ನೋದು ಸುಲಭ, ಆದರೆ ಗ್ಲೌಸಿನಲ್ಲಿ ಎಳೆಯ ತುದಿ ಬೆರಳಿಗೆ ಸಿಗಬೇಕಲ್ವಾ? ಉಗುರಿಗೆ ಫಂಗಸ್ ಹೊಕ್ಕರೆ ತಾಳ್ಮೆ ಬೇಕು. ಕೈ ಉಗುರು ಪೂರ್ತಿ ಹೊಸದಾಗಿ ಬರೋಕೆ ಸುಮಾರು 6 ತಿಂಗಳು, ಕಾಲಿನ ಹೆಬ್ಬೆರಳಿಗೆ ಒಂದು ವರ್ಷದ ಮೇಲೆ. ವಾರದಲ್ಲಿ ಸರಿ ಮಾಡುತ್ತೇವೆ ಅನ್ನುವವರನ್ನು ನಂಬಬೇಡಿ.

ಇನ್ನು ಮಕ್ಕಳ ತಲೆ. ಕರುವಿನ ಕಣ್ಣಿನ ಸುತ್ತ, ಕುತ್ತಿಗೆಯ ಮೇಲೆ ಬೂದು ಬಣ್ಣದ ಗುಂಡು ಹಕ್ಕಳೆ ಕಂಡರೆ ಅದೂ ಹುಳುಕಡ್ಡಿಯೇ ಇರಬಹುದು, ಕರುವನ್ನು ತಬ್ಬಿಕೊಳ್ಳುವ ಮಕ್ಕಳಿಗೆ ಅಂಟುತ್ತದೆ. ಡೇರಿಗೆ ಹಾಲು ಹಾಕುವ ಮನೆಗಳು ಇದನ್ನು ಗಮನಿಸಬೇಕು. ಮಗುವಿನ ತಲೆಯಲ್ಲಿ ಒಂದು ಕಡೆ ಕೂದಲು ಮುರಿದು ಹೊಟ್ಟು ಏಳುತ್ತಿದ್ದರೆ ಬರೀ ಕ್ರೀಮ್ ಹಚ್ಚಿ ಪ್ರಯೋಜನವಿಲ್ಲ, ಔಷಧ ಕೂದಲಿನ ಬುಡಕ್ಕೆ ಇಳಿಯುವುದಿಲ್ಲ, ವಾರಗಟ್ಟಲೆ ಮಾತ್ರೆಯೇ ಬೇಕು. ಕೆಲವರಿಗೆ ಅದು ಕೀವು ಗಡ್ಡೆಯ ಥರ ಮೆತ್ತಗೆ ಊದುತ್ತದೆ. ಕುರು ಅಂದುಕೊಂಡು ಕೊಯ್ಯಿಸಲು ಹೋಗಬೇಡಿ, ಅದಕ್ಕೂ ಮಾತ್ರೆಯೇ ದಾರಿ. ಬೆಳ್ಳುಳ್ಳಿ ಜಜ್ಜಿ ಕಟ್ಟುವುದಂತೂ ಬೇಡವೇ ಬೇಡ, ಚರ್ಮ ಸುಟ್ಟು ಬೊಬ್ಬೆ ಬರುತ್ತದೆ.

ಕಾನೂನು ಇಲ್ಲವೇ ಅಂದರೆ ಇದೆ. 2018ರಲ್ಲಿ ಕೇಂದ್ರ ಸರ್ಕಾರ ಚರ್ಮಕ್ಕೆ ಹಚ್ಚುವ 14 ಸ್ಟೆರಾಯ್ಡ್‌ಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಆ ಪಟ್ಟಿಯ ಔಷಧ ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳು ಒಂದು ದಿನ ಸಾದಾ ಬಟ್ಟೆಯಲ್ಲಿ ಬಂದು ‘ಕಡಿತಕ್ಕೆ ಟ್ಯೂಬ್ ಕೊಡಿ’ ಅಂತ ಕೇಳಿ ನೋಡಲಿ. ಹಾಗೇ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನವಾದರೂ ಚರ್ಮದ ಡಾಕ್ಟರು ಕೂರುವಂತಾಗಲಿ, ಹೆಂಗಸರು ಸಂಕೋಚವಿಲ್ಲದೆ ತೋರಿಸಿಕೊಳ್ಳಲು ಒಂದು ಪರದೆ, ಒಬ್ಬ ನರ್ಸ್ ಇರಲಿ. ಪರೀಕ್ಷೆಯೇನೂ ದುಬಾರಿಯಲ್ಲ. ಕಲೆಯ ಅಂಚಿನ ಹೊಟ್ಟು ಕೆರೆದು, ಗಾಜಿನ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ನೋಡಿದರೆ ಫಂಗಸ್‌ನ ಎಳೆಗಳು ಕಾಣುತ್ತವೆ. ಟಿಬಿಗೆ ಕಫ ನೋಡುವ ಮೈಕ್ರೋಸ್ಕೋಪೇ ಇದಕ್ಕೂ ಸಾಕು.

– ಒಬ್ಬ ರೇಷ್ಮೆ ಬೆಳೆಗಾರ, ಶಿಡ್ಲಘಟ್ಟ ತಾಲ್ಲೂಕು