ನನ್ನನ್ನು ಕೇಳದೆ ನಡೆದ ಮನೆ

ಪ್ರಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅಲ್ಲೇ ಉತ್ತರ ಹೇಳಬಹುದಿತ್ತು. ಆದರೆ ಹಿಂದಿನಿಂದ ನಿನ್ನ ಚಿಕ್ಕವಳು ಒಂದೇ ಸಮನೆ ಕೂಗುತ್ತಿದ್ದಳು, ನೀನು ಅವಳ ಇನ್ನೊಂದು ಶೂ ಹುಡುಕುತ್ತ ಮಂಚದ ಕೆಳಗೆ ತೂರಿಕೊಂಡಿದ್ದೆ, ಮಾತು ಅರ್ಧಕ್ಕೇ ನಿಂತಿತು. "ಇಬ್ಬರೂ ಕೆಲಸಕ್ಕೆ ಹೋಗುತ್ತೀರಿ, ಎರಡು ಮಕ್ಕಳಿದ್ದಾರೆ, ಆದರೂ ನಿಮ್ಮ ಮನೆ ಹೇಗೆ ಇಷ್ಟು ಒಪ್ಪ ಓರಣವಾಗಿರುತ್ತದೆ?" ಎಂದು ಕೇಳಿದ್ದೆ. ಹೀಗೆ ಕೇಳುವವನು ನೀನೊಬ್ಬನೇ ಅಲ್ಲ. ಅದಕ್ಕೇ ಎಲ್ಲರ ಎದುರಿನಲ್ಲೇ ಬರೆಯುತ್ತಿದ್ದೇನೆ. ನೀಲಿ ಬಕೆಟ್ಟಿನ ಸಂಗತಿಯನ್ನು ಇಲ್ಲಿ ಎತ್ತುವುದಿಲ್ಲ, ಹೆದರಬೇಡ.

ಬಾಗಿಲಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಬೆಳಗಿನ ಜಗಳಗಳೆಲ್ಲ ಹುಟ್ಟುವುದು ಅಲ್ಲೇ. ನಾವು ವಸ್ತುಗಳಿಗೆ ಜಾಗ ಗೊತ್ತುಮಾಡುವುದು ಕಣ್ಣಿಗೆ ಚೆಂದ ಕಾಣುವ ಕಡೆ. ಅವು ಬಂದು ಬೀಳುವುದು ಬೇರೆ ಕಡೆ. ನಮ್ಮಲ್ಲಿ ಶಾಲೆಯ ಚೀಲಗಳು ಯಾವಾಗಲೂ ಸೋಫಾದ ಬಲತುದಿಗೇ ಬಂದು ಬೀಳುತ್ತಿದ್ದವು. ಕೋಣೆಯ ಕಪಾಟಿನಲ್ಲಿಡಿ ಎಂದು ಹೇಳಿ ಹೇಳಿ ಬಾಯಿ ನೋಯಿತೇ ಹೊರತು ಚೀಲ ಕದಲಲಿಲ್ಲ. ಕೊನೆಗೆ ಸೋಫಾದ ಪಕ್ಕದ ಗೋಡೆಗೇ ಕೊಕ್ಕೆ ಹೊಡೆದೆವು. ಅಂದಿನಿಂದ ಚೀಲಗಳು ಕೊಕ್ಕೆಯಲ್ಲಿವೆ. ನಾಲ್ಕು ಜನರ ಅಭ್ಯಾಸವನ್ನು ತಿದ್ದುವುದಕ್ಕಿಂತ ಒಂದು ಮೊಳೆಯ ಜಾಗವನ್ನು ಬದಲಿಸುವುದು ಸುಲಭ. ಒಂದು ಮಾತು ಮರೆಯಬೇಡ: ಕೊಕ್ಕೆ ನಿನ್ನ ಭುಜದ ಎತ್ತರಕ್ಕಿದ್ದರೆ ಚೀಲವನ್ನು ಕೊನೆಯವರೆಗೂ ನೀನೇ ನೇತುಹಾಕುತ್ತಿರಬೇಕಾಗುತ್ತದೆ. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ಪುಟ್ಟ ಮಕ್ಕಳ ಶಾಲೆ ತೆರೆದವರು. ಮಕ್ಕಳ ಅಳತೆಯ ಮೇಜು ಕುರ್ಚಿಗಳನ್ನೂ ತಗ್ಗಿನ ಕಪಾಟುಗಳನ್ನೂ ಅವರು ಬಳಕೆಗೆ ತಂದದ್ದು, ಮಗು ದೊಡ್ಡವರನ್ನು ಕೂಗದೆ ತಾನೇ ತೆಗೆದು ತಾನೇ ಇಡಲಿ ಎಂದು. ಆ ಕಪಾಟಿನ ಎತ್ತರದ ಮಹತ್ವ ನನಗೆ ತಿಳಿದದ್ದು ಮಕ್ಕಳಾದ ಮೇಲೆ.

ಬಾಗಿಲಿನ ಹಿಂಭಾಗದಲ್ಲಿ ಒಂದು ಪಟ್ಟಿ ಅಂಟಿಸಿದ್ದೇವೆ. ನೀರಿನ ಬಾಟಲಿ, ಡಬ್ಬಿ, ಗುರುತಿನ ಚೀಟಿ, ಬೀಗದ ಕೈ. ಓದಲು ಬಾರದಿದ್ದಾಗ ಮಗಳಿಗೆಂದು ಚಿತ್ರ ಬರೆದಿದ್ದೆವು. ದಿನಾ ಮಾಡುವ ಕೆಲಸಕ್ಕೆ ಪಟ್ಟಿ ಯಾಕೆ ಎಂದು ನೀನು ಕೇಳಬಹುದು. ದಿನಾ ಮಾಡುವ ಕೆಲಸವೇ ಕೈತಪ್ಪುವುದು. 1935ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಬೋಯಿಂಗ್ ಕಂಪನಿಯ ಹೊಸ ಬಾಂಬರ್ ವಿಮಾನವೊಂದು ಪರೀಕ್ಷಾ ಹಾರಾಟದಲ್ಲಿ ಮೇಲೇರಿದ ಕೂಡಲೇ ನೆಲಕ್ಕಪ್ಪಳಿಸಿತು. ಯಂತ್ರದಲ್ಲಿ ದೋಷವಿರಲಿಲ್ಲ; ನೆಲದ ಮೇಲೆ ನಿಂತಾಗ ಹಾಕಿಡುವ ಒಂದು ಬೀಗವನ್ನು ತೆಗೆಯುವುದು ನುರಿತ ಪೈಲಟ್‌ಗಳಿಗೆ ಮರೆತುಹೋಗಿತ್ತು. ಪೈಲಟ್‌ಗಳು ಪಟ್ಟಿ ಹಿಡಿದು ಒಂದೊಂದನ್ನೇ ನೋಡುವ ಪದ್ಧತಿ ಬೇರೂರಿದ್ದು ಅದರ ನಂತರ. ಅಂಥವರಿಗೇ ಪಟ್ಟಿ ಬೇಕಾಯಿತೆಂದರೆ ಬೆಳಗಿನ ಏಳೂವರೆಗೆ ನಿದ್ದೆಗಣ್ಣಿನಲ್ಲಿರುವ ಮಗುವಿಗೆ ಬೇಡವೇ?

ರಾತ್ರಿಯದು ಚಿಕ್ಕ ಕೆಲಸ. ಮಲಗುವ ಮುನ್ನ ನಾಲ್ವರೂ ಸೇರಿ ಹತ್ತು ನಿಮಿಷ: ಊಟದ ಮೇಜು, ಅಡುಗೆಕಟ್ಟೆ, ಬಾಗಿಲ ಬಳಿ. ಇಡೀ ಮನೆಗೆ ಕೈ ಹಾಕುವುದಿಲ್ಲ, ಹಾಕಿದರೆ ಮರುದಿನ ಯಾರೂ ಬರುವುದಿಲ್ಲ. ನಾಳೆಯ ಬಟ್ಟೆ, ಚೀಲ ಎಲ್ಲ ಆಗಲೇ ಸಿದ್ಧವಾಗಬೇಕು. ಬೆಳಗ್ಗೆ ಯಾವ ತೀರ್ಮಾನವೂ ಉಳಿದಿರಬಾರದು. ಶಾಲೆಯಿಂದ ಬಂದ ಚೀಟಿಯನ್ನು "ಆಮೇಲೆ ನೋಡೋಣ" ಎಂದು ಎಲ್ಲಿಯೂ ಇಡುವುದಿಲ್ಲ. ನಿಂತಲ್ಲೇ ಓದಿ, ಸಹಿ ಮಾಡಿ, ದಿನಾಂಕವನ್ನು ಫ್ರಿಜ್ ಬಾಗಿಲಿನ ಕ್ಯಾಲೆಂಡರಿಗೆ ಬರೆದು, ಚೀಟಿಯನ್ನು ಚೀಲಕ್ಕೆ ಹಿಂದಿರುಗಿಸುತ್ತೇವೆ.

ಎರಡು ವಾರ ಪ್ರಯತ್ನಿಸಿದೆವು, ಮೂರನೆಯ ವಾರ ಎಲ್ಲ ಕುಸಿಯಿತು ಎಂದು ಬೇಸರದಿಂದ ಹೇಳಿದೆಯಲ್ಲ, ಅದು ನನ್ನ ಮನಸ್ಸಿನಲ್ಲೇ ಉಳಿದಿದೆ. ಇಪ್ಪತ್ತೊಂದು ದಿನದಲ್ಲಿ ಅಭ್ಯಾಸವಾಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿಕೊಂಡು ನಿನ್ನನ್ನು ನೀನೇ ದಂಡಿಸಿಕೊಳ್ಳಬೇಡ. ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಕೆಲಸ ತನ್ನಷ್ಟಕ್ಕೆ ನಡೆಯುವಂತಾಗಲು ಸರಾಸರಿ 66 ದಿನ ಹಿಡಿಯುತ್ತದೆ. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ಬೇಕು. ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಹಾಳಾಗುವುದಿಲ್ಲ ಎಂಬುದೂ ಅದರಲ್ಲೇ ಇದೆ. ಜ್ವರ, ಪರೀಕ್ಷೆ, ನೆಂಟರು ಯಾವ ಮನೆಯನ್ನೂ ಬಿಟ್ಟಿಲ್ಲ. ತಪ್ಪಿದ ಮರುದಿನ ಮತ್ತೆ ಶುರು ಮಾಡುವ ಧೈರ್ಯ ನಿನಗಿದ್ದರೆ ಸಾಕು.

ಇನ್ನು ಭಾನುವಾರದ ಸಂಜೆ. ಬರುವ ವಾರದಲ್ಲಿ ಏನೇನಿದೆ ಎಂದು ಎಲ್ಲರೂ ಕ್ಯಾಲೆಂಡರಿನ ಮುಂದೆ ಕೂರುತ್ತೇವೆ. ಮೊದಲು ರಾತ್ರಿ ಎರಡಕ್ಕೆ ಎಚ್ಚರವಾಗಿ "ದಂತವೈದ್ಯರಿಗೆ ಫೋನು ಮಾಡಲಿಲ್ಲ" ಎಂದು ಚಡಪಡಿಸುತ್ತಿದ್ದೆ. ಮಾಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಮನೋವಿಜ್ಞಾನಿಗಳು 2011ರಲ್ಲಿ ತೋರಿಸಿದ್ದು ನನ್ನ ಮಟ್ಟಿಗಂತೂ ನಿಜವಾಗಿದೆ: ಕೆಲಸ ಮುಗಿಯಲೇಬೇಕೆಂದಿಲ್ಲ; ಯಾವಾಗ, ಹೇಗೆ ಮಾಡುತ್ತೇವೆ ಎಂದು ಖಚಿತವಾಗಿ ಗೊತ್ತುಮಾಡಿಕೊಂಡರೂ ಸಾಕು, ಅದು ತಲೆ ಕೊರೆಯುವುದನ್ನು ನಿಲ್ಲಿಸುತ್ತದೆ.

ನಿಜವಾದ ವಿಷಯ ಇರುವುದು ಆ ಕ್ಯಾಲೆಂಡರಿಗೆ ಬರೆಯಬೇಕಾದದ್ದನ್ನು ನೆನಪಿಡುವವರು ಯಾರು ಎಂಬುದರಲ್ಲೇ. ಆಲಿಸನ್ ಡಾಮಿಂಜರ್ ಎಂಬ ಸಮಾಜಶಾಸ್ತ್ರಜ್ಞೆ 35 ದಂಪತಿಗಳನ್ನು ಮಾತನಾಡಿಸಿ 2019ರಲ್ಲಿ ಬರೆದ ಪ್ರಬಂಧದಲ್ಲಿ ಮನೆಗೆಲಸದ ಕಾಣದ ಭಾಗವನ್ನು ನಾಲ್ಕಾಗಿ ಬಿಡಿಸುತ್ತಾರೆ: ಬೇಕಾಗುವುದನ್ನು ಮುಂಚೆಯೇ ಊಹಿಸುವುದು, ದಾರಿಗಳನ್ನು ಹುಡುಕುವುದು, ತೀರ್ಮಾನಿಸುವುದು, ಆಯಿತೋ ಇಲ್ಲವೋ ಎಂದು ಕಣ್ಣಿಡುವುದು. ಮೊದಲನೆಯದೂ ಕೊನೆಯದೂ ಹೆಚ್ಚಾಗಿ ಹೆಂಗಸರ ಪಾಲಿಗೇ ಬೀಳುತ್ತವೆ. ನೀನು ಬಟ್ಟೆ ಒಗೆಯುತ್ತೇನೆ ಎನ್ನುತ್ತೀ. ಸೋಪಿನ ಪುಡಿ ಮುಗಿಯುತ್ತ ಬಂದದ್ದನ್ನು ಗಮನಿಸುವವರು ಯಾರು, ಸೋಮವಾರಕ್ಕೆ ಸಮವಸ್ತ್ರ ಬೇಕೆಂದು ನೆನಪಿಡುವವರು ಯಾರು? ಆ ನೆನಪಿನ ಭಾರ ನಿನ್ನ ಹೆಂಡತಿಯ ಮೇಲೆಯೇ ಇದ್ದರೆ ಅವಳ ಕೆಲಸ ಕಡಿಮೆಯಾಗಿಲ್ಲ ಎಂದೇ ಅರ್ಥ. ಕೊಟ್ಟರೆ ಕೆಲಸವನ್ನು ಬೇರುಸಹಿತ ಕೊಡಬೇಕು, ತೆಗೆದುಕೊಂಡರೂ ಹಾಗೆಯೇ.

ನಮ್ಮ ಮನೆಯಲ್ಲಿ ಈ ನೆನಪಿನ ಕೆಲಸ ನನ್ನದು. ನನ್ನ ಹೆಂಡತಿಯ ಪಾಳಿ ವಾರ ವಾರಕ್ಕೂ ಬದಲಾಗುವುದರಿಂದ ಅದು ನನ್ನ ಕಡೆಗೆ ಹರಿದುಬಂತು, ನಾನು ಬಾಚಿ ತಬ್ಬಿಕೊಂಡೆ. ಲಸಿಕೆಯ ದಿನಾಂಕ, ಗ್ರಂಥಾಲಯದ ಪುಸ್ತಕ, ಮಗನ ಶೂ ಅಳತೆ, ಮಗಳ ಗೆಳತಿಯರ ಹುಟ್ಟುಹಬ್ಬ, ಎಲ್ಲ ನನ್ನ ತಲೆಯಲ್ಲಿ. ನಂತರ ಅದೆಲ್ಲವನ್ನೂ ಒಂದೊಂದಾಗಿ ಕೊಕ್ಕೆಗೆ, ಪಟ್ಟಿಗೆ, ಕ್ಯಾಲೆಂಡರಿಗೆ ಇಳಿಸಿದೆ.

ಹೋದ ತಿಂಗಳು ಕಚೇರಿಯ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದೆ. ಮೊದಲೆಲ್ಲ ಹಾಗೆ ಹೋದಾಗ ಮನೆಯಿಂದ ಎಡೆಬಿಡದೆ ಫೋನು. ಕತ್ತರಿ ಎಲ್ಲಿ, ಬಿಳಿ ಕಾಲುಚೀಲ ಎಲ್ಲಿ, ಶುಲ್ಕ ಕಟ್ಟಿದ್ದೀಯಾ. ಈ ಸಲವೂ ಫೋನು ಬಂತು. ಮಗಳು ಹಲ್ಲು ಬಿದ್ದದ್ದನ್ನು ಹೇಳಿದಳು, ಮಗ ಆಟದ ಸುದ್ದಿ ಹೇಳಿದ. ಏನೊಂದನ್ನೂ ಕೇಳಲಿಲ್ಲ. ಮರಳಿ ಬಂದು ನೋಡಿದರೆ ಮನೆ ಇದ್ದ ಹಾಗೆಯೇ ಇದೆ. ಶಾಲೆಯ ಹೊಸ ಚೀಟಿಗೆ ಮಗ ತಾನೇ ಅಮ್ಮನ ಸಹಿ ಹಾಕಿಸಿ, ಕಾಗೆಕಾಲು ಗುಬ್ಬಿಕಾಲು ಅಕ್ಷರದಲ್ಲಿ ದಿನಾಂಕವನ್ನು ಕ್ಯಾಲೆಂಡರಿಗೂ ಬರೆದಿದ್ದ.

ನಾನು ಹಿಗ್ಗಬೇಕಿತ್ತು. ವರ್ಷಗಳಿಂದ ದುಡಿದದ್ದು ಇದಕ್ಕೇ. ಆದರೆ ಆ ಅಕ್ಷರದ ಮುಂದೆ ನಿಂತಾಗ ಎದೆಯೊಳಗೆ ಏನೋ ಕುಸಿದಂತಾಯಿತು. ಆ ಹಾಳೆಯನ್ನು ಕಿತ್ತುಬಿಡೋಣ ಎನ್ನಿಸಿತು, ಗೆಳೆಯಾ. ಕಿತ್ತರೆ ನಾಳೆ ಮತ್ತೆ "ಅಪ್ಪಾ, ನಾಳೆ ಏನಿದೆ?" ಎಂದು ನನ್ನನ್ನೇ ಕೇಳುತ್ತಾರೆ ಎನ್ನಿಸಿತು.

ನನ್ನ ಅಪ್ಪ ನಿನಗೂ ಗೊತ್ತು. ಒಳ್ಳೆಯವರು. ನೆಂಟರು ಬಂದು "ಮಗ ಎಷ್ಟನೆಯ ತರಗತಿ?" ಎಂದು ಕೇಳಿದರೆ ಅವರು ನನ್ನ ಮುಖ ನೋಡುತ್ತಿದ್ದರು. ನಾನೇ ಹೇಳಬೇಕಿತ್ತು. ನನ್ನ ಮಕ್ಕಳ ವಿಷಯದಲ್ಲಿ ನಾನು ಯಾರ ಮುಖವನ್ನೂ ನೋಡಬಾರದು ಎಂದು ಆಗಲೇ, ಮಕ್ಕಳೆಂದರೇನೆಂದು ತಿಳಿಯದ ವಯಸ್ಸಿನಲ್ಲೇ, ನಿಶ್ಚಯಿಸಿಕೊಂಡಿದ್ದೆ ಎಂದು ಈಗ ಅನ್ನಿಸುತ್ತದೆ. ಎಲ್ಲವೂ ಗೊತ್ತಿರುವುದೇ ನನ್ನ ಪ್ರೀತಿಯಾಯಿತು. ಗೊತ್ತಿದ್ದದ್ದನ್ನೆಲ್ಲ ಗೋಡೆಗೆ ಅಂಟಿಸಿದ ಮೇಲೆ ಮಕ್ಕಳು ನನ್ನ ಬಳಿಗೆ ಯಾವುದಕ್ಕಾಗಿ ಬರುತ್ತಾರೆ? ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ಹಲ್ಲು ಬಿದ್ದದ್ದನ್ನು ಹೇಳಲು ಫೋನು ಮಾಡಿದಳಲ್ಲ ಎಂದು ಹೆಂಡತಿ ನೆನಪಿಸುತ್ತಾಳೆ. ಅವಳು ಹೇಳುವುದು ಸರಿ ಇರಬಹುದು.

ಇಷ್ಟೆಲ್ಲ ಬರೆಯುತ್ತೇನೆಂದು ಅಂದುಕೊಂಡಿರಲಿಲ್ಲ. ಓದುತ್ತಿರುವ ಉಳಿದವರು ಈ ಭಾಗವನ್ನು ದಾಟಿ ಮುಂದೆ ಹೋಗಲಿ. ನೀನು ಮಾತ್ರ ಮುಂದಿನ ಸಲ ಸಿಕ್ಕಾಗ ಮರುಕದ ಮುಖ ಮಾಡಿಕೊಂಡು ಬರಬೇಡ. ಆ ಮುಖ ನೋಡಿದರೆ ನನಗೆ ರಸಾಯನಶಾಸ್ತ್ರದ ಪ್ರಯೋಗಾಲಯವೇ ನೆನಪಾಗುತ್ತದೆ, ಆಮೇಲೆ ನಮ್ಮಿಬ್ಬರ ನಗು ನಿಲ್ಲುವುದಿಲ್ಲ.

ನಿನ್ನ ಮನೆಗೆ ಈಗ ಬೇಕಾದದ್ದು ಒಂದೇ ಕೊಕ್ಕೆ. ಎರಡನೆಯದರ ಯೋಚನೆ ಮುಂದಿನ ತಿಂಗಳಿಗಿರಲಿ. ಮಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಅವಳ ಕೈ ಎಲ್ಲಿಗೆ ಎಟಕುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕು. ಬಟ್ಟೆಯ ಕೆಲಸವನ್ನು ಪೂರ್ತಿ ನೀನೇ ವಹಿಸಿಕೋ, ಸೋಪಿನ ಪುಡಿಯಿಂದ ಹಿಡಿದು ಮಡಚಿ ಕಪಾಟಿನಲ್ಲಿಡುವವರೆಗೆ. ದೊಡ್ಡವನು ಮಡಚಿದ ಅಂಗಿ ಸೊಟ್ಟಗಿದ್ದರೆ ಅವನ ಎದುರಿಗೆ ಅದನ್ನು ಮತ್ತೆ ಬಿಚ್ಚಿ ಮಡಚಬೇಡ.

ಭಾನುವಾರ ಏಳರ ಮೇಲೆ ಫೋನು ಮಾಡು. ರಜೆಯಲ್ಲಿ ನೀವೆಲ್ಲ ಯಾವತ್ತು ಬರುತ್ತೀರಿ ಎಂದು ಗಟ್ಟಿಮಾಡಿಕೊಂಡೇ ಮಾಡು. ದಿನಾಂಕವನ್ನು ಮಗಳಿಗೆ ಹೇಳಬೇಕು, ನನಗಲ್ಲ. ನೆಂಟರು, ಗೆಳೆಯರು ಬರುವುದನ್ನು ಬರೆದಿಡುವುದು ಈ ವಾರದಿಂದ ಅವಳ ಕೆಲಸ.

ನಿನ್ನ ಗೆಳೆಯ